ಪರದೆಯ ಮುಂದೆ ಕುಳಿತವನ ಕಷ್ಟ
(ಸುಲಭವಾಗಿ ಬಳಸಬಹುದಾದ ತಂತ್ರಾಂಶವನ್ನು ವಿನ್ಯಾಸ ಮಾಡುವ ವಿದ್ಯೆ: ಒಂದು ಪಾಠ)

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಸಂಜೆ ರಾಯಚೂರಿನ ಕಡೆಯ ತರುಣನೊಬ್ಬನು ನಮ್ಮ ವಾಚನಾಲಯಕ್ಕೆ ಬಂದನು. ಶ್ರೀಕಾರ್ಯಂ ಸುತ್ತಮುತ್ತ ಏಳುತ್ತಿರುವ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವವನು. ಅಂದು ಅವನು ಪತ್ರಿಕೆ ಓದಲು ಬಂದಿರಲಿಲ್ಲ. ಕೈಯಲ್ಲಿದ್ದ ಫೋನನ್ನು ನನ್ನ ಮುಂದೆ ಹಿಡಿದು, "ಸರ, ಈ ಅರ್ಜಿ ತುಂಬಾಕ ಮೂರು ದಿನದಿಂದ ಬಡದಾಡಾಕ ಹತ್ತೀನ್ರಿ. ಕಡೀಕ ಬಂದ ಕೂಡ್ಲೆ ಎಲ್ಲಾ ಅಳಿಸಿ ಹೋಗ್ತದ. ನಾ ಓದಿದ್ದು ಕಡಿಮಿ, ಅದಕ್ಕ ಹಿಂಗಾಗ್ತದೇನೋ" ಎಂದನು.

ಕೆಲಸಗಾರರಿಗೆ ಸಿಗತಕ್ಕ ಒಂದು ಸಹಾಯಧನದ ಅರ್ಜಿ ಅದು. ನಾನೂ ಕುಳಿತು ತುಂಬಿ ನೋಡಿದೆನು. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದ ನನಗೂ ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ಕಾರಣ ತಿಳಿಯಿತು. ಹುಟ್ಟಿದ ತಾರೀಕನ್ನು ಬರೆಯುವಲ್ಲಿ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯಬೇಕಾಗಿತ್ತು. ಹಾಗೆಂದು ಎಲ್ಲಿಯೂ ಹೇಳಿರಲಿಲ್ಲ. ಹುಡುಗ ಹುಟ್ಟಿದ್ದು ಇಪ್ಪತ್ತೆರಡನೆಯ ತಾರೀಕು. ಇಪ್ಪತ್ತೆರಡನೆಯ ತಿಂಗಳು ಯಾವ ಪಂಚಾಂಗದಲ್ಲಿಯೂ ಇಲ್ಲವಷ್ಟೆ! ತಾರೀಕಿನಲ್ಲಿ ತಪ್ಪಿದೆ ಎಂದು ತಿಳಿಸುವ ಬದಲು ಆ ಯಂತ್ರವು ಇಂಗ್ಲಿಷಿನ ಒಂದೇ ಒಂದು ಮಾತನ್ನು ಕೆಂಪಕ್ಷರದಲ್ಲಿ ತೋರಿಸಿ, ತುಂಬಿದ್ದನ್ನೆಲ್ಲ ಅಳಿಸಿಹಾಕುತ್ತಿತ್ತು. ಅರ್ಜಿಯ ಗಡುವು ಮರುದಿನವೇ ಮುಗಿಯುವುದಿತ್ತು. ಈ ಒದ್ದಾಟದಲ್ಲಿ ಅವನು ಒಂದು ದಿನದ ಕೂಲಿಯನ್ನೂ ಕಳೆದುಕೊಂಡಿದ್ದನು.

"ತಮ್ಮಾ, ತಪ್ಪು ನಿನ್ನದಲ್ಲ. ಈ ಅರ್ಜಿಯನ್ನು ಮಾಡಿದವರು ನಿನ್ನಂಥವನೊಬ್ಬನನ್ನು ಎದುರಿಗೆ ಕೂರಿಸಿ ತುಂಬಿಸಿ ನೋಡಲಿಲ್ಲ" ಎಂದು ಹೇಳಿದೆನು. ಹಾಗೆ ಕೂರಿಸಿ ನೋಡುವುದೇ ಇಂದು ಒಂದು ವಿದ್ಯೆಯಾಗಿದೆ, ಅನೇಕರಿಗೆ ಜೀವನೋಪಾಯವೂ ಆಗಿದೆ. ನಮ್ಮ ಶ್ರೀಕಾರ್ಯಂನಿಂದ ಬಸ್ಸು ಹತ್ತಿ ಕಾರ್ಯವಟ್ಟಂ ದಾಟಿದರೆ ೧೯೯೦ರಲ್ಲಿ ಸ್ಥಾಪಿತವಾದ ಟೆಕ್ನೋಪಾರ್ಕು ಸಿಗುತ್ತದೆ. ಅಲ್ಲಿ ಲೆಕ್ಕ ಬರೆಯುವವರು, ಕಾವಲು ಕಾಯುವವರು, ಕ್ಯಾಂಟೀನಿನಲ್ಲಿ ದುಡಿಯುವವರು ನಮ್ಮ ಓದುಗರಲ್ಲಿ ಇದ್ದಾರೆ. "ಅಲ್ಲಿ ಒಳಗೆ ಕುಳಿತು ಮಾಡುವ ಕೆಲಸಕ್ಕೆ ನಾವು ಏನು ಕಲಿಯಬೇಕು?" ಎಂದು ಕೇಳುವ ತರುಣರೂ ಇದ್ದಾರೆ. ಅವರಿಗಾಗಿ ಈ ಪಾಠ.

೧. ಈ ವಿದ್ಯೆಯ ಸ್ವರೂಪ

ಪರದೆಯ ವಿನ್ಯಾಸವೆಂದರೆ ಬಣ್ಣ ಹಚ್ಚುವುದು, ಚಿತ್ರ ಅಂಟಿಸುವುದು ಎಂದು ಅನೇಕರು ತಿಳಿದಿರುವುದುಂಟು. ಮನೆ ಕಟ್ಟುವ ಕೆಲಸವನ್ನು ಬಲ್ಲವರಿಗೆ ಭೇದ ಬೇಗ ತಿಳಿಯುತ್ತದೆ. ಗೋಡೆಯ ಬಣ್ಣ ಎಷ್ಟೇ ಚೆನ್ನಾಗಿರಲಿ, ಅಡಿಗೆಮನೆಯಿಂದ ಬಚ್ಚಲಿಗೆ ದೇವರಮನೆಯನ್ನು ಹಾದು ಹೋಗಬೇಕಾದರೆ ಆ ಮನೆಯಲ್ಲಿ ವಾಸಿಸುವವಳಿಗೆ ದಿನವೂ ಸಂಕಟ. ಯಾವ ಕೋಣೆ ಯಾವುದರ ಪಕ್ಕದಲ್ಲಿರಬೇಕು, ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬ ಯೋಚನೆಗೆ ಸಮನಾದದ್ದೇ ಪರದೆಯ ವಿನ್ಯಾಸ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೯೮ರಲ್ಲಿ ಇದಕ್ಕೆ ಮೂರು ಅಳತೆಗಳನ್ನು ಗೊತ್ತುಮಾಡಿತು. ಮೊದಲನೆಯದು, ಬಳಸುವವನು ಹಿಡಿದ ಕೆಲಸ ಪೂರೈಸಿತೇ? ಎರಡನೆಯದು, ಅದಕ್ಕೆ ಎಷ್ಟು ಕಾಲ, ಎಷ್ಟು ಶ್ರಮ ಹಿಡಿಯಿತು? ಮೂರನೆಯದು, ಅವನ ಮನಸ್ಸಿಗೆ ಸಮಾಧಾನವಾಯಿತೇ? ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಯಾರು ಬಳಸುತ್ತಾರೆ, ಯಾವ ಕೆಲಸಕ್ಕೆ, ಎಂಥ ಸ್ಥಳದಲ್ಲಿ ಎಂಬುದನ್ನು ಹೇಳದೆ 'ಇದು ಸುಲಭ' ಎಂದು ಹೇಳುವಂತಿಲ್ಲ. ತಣ್ಣಗಿನ ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಕುಳಿತವನಿಗೆ ಸುಲಭವಾದದ್ದು, ಬಿಸಿಲಿನಲ್ಲಿ ನಿಂತು, ಸಿಮೆಂಟು ಮೆತ್ತಿದ ಬೆರಳಿನಿಂದ, ಬಿರುಕು ಬಿಟ್ಟ ಫೋನನ್ನು ಒತ್ತುವವನಿಗೆ ಸುಲಭವಾಗಿರಬೇಕೆಂದಿಲ್ಲ.

೨. ತಪ್ಪು ಮನುಷ್ಯನದೇ?

ಈ ವಿದ್ಯೆಯ ಬೇರು ಕಂಪ್ಯೂಟರಿಗಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-೧೭ ಎಂಬ ಬಾಂಬರು ವಿಮಾನಗಳು ಕ್ಷೇಮವಾಗಿ ನೆಲಕ್ಕೆ ಇಳಿದ ಮೇಲೆ ಚಕ್ರಗಳನ್ನು ಒಳಗೆಳೆದುಕೊಂಡು ಹೊಟ್ಟೆಯಡಿಯಾಗಿ ಕುಸಿಯುವುದು ಮತ್ತೆ ಮತ್ತೆ ನಡೆಯಿತು. 'ಚಾಲಕನ ತಪ್ಪು' ಎಂದು ಬರೆದು ಕಡತ ಮುಚ್ಚುತ್ತಿದ್ದರು. ಆಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ವಿಮಾನದೊಳಗೆ ಕುಳಿತು ನೋಡಿದನು. ರೆಕ್ಕೆಯ ಮಡಿಕೆಯನ್ನು ಏರಿಸಿಳಿಸುವ ಕೀಲಿಯೂ ಚಕ್ರವನ್ನು ಏರಿಸಿಳಿಸುವ ಕೀಲಿಯೂ ಅಕ್ಕಪಕ್ಕದಲ್ಲಿದ್ದವು. ನೋಡಲು ಒಂದೇ ತೆರ, ಮುಟ್ಟಿದರೂ ಒಂದೇ ತೆರ. ದಣಿದ ಚಾಲಕನ ಕೈ ಒಂದರ ಬದಲು ಇನ್ನೊಂದಕ್ಕೆ ಹೋಗುತ್ತಿತ್ತು. ಚಕ್ರದ ಕೀಲಿಗೆ ಪುಟ್ಟ ಚಕ್ರದ ಆಕಾರವನ್ನೂ ಇನ್ನೊಂದಕ್ಕೆ ಬೆಣೆಯ ಆಕಾರವನ್ನೂ ಕೊಟ್ಟನು. ಕತ್ತಲಲ್ಲಿ ಮುಟ್ಟಿದರೂ ಗುರುತು ಸಿಗುವಂತಾಯಿತು. ಆ ತಪ್ಪು ನಿಂತಿತು.

ಇದರಿಂದ ಕಲಿಯತಕ್ಕದ್ದು ಇಷ್ಟು: ಒಬ್ಬನು ತಪ್ಪಿದರೆ ಅವನ ಅಜಾಗರೂಕತೆ ಇರಬಹುದು, ಅನೇಕರು ಒಂದೇ ಕಡೆಯಲ್ಲಿ ಒಂದೇ ತಪ್ಪು ಮಾಡಿದರೆ ವಸ್ತುವನ್ನು ಪರೀಕ್ಷಿಸಬೇಕು.

೩. ಪರವೂರಿನಲ್ಲಿ ಒತ್ತಿದ ಗುಂಡಿ

ದೂರದ ಮಾತು ಸಾಕು. ಕೇರಳದಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. ಕೊಚ್ಚಿಯ ಉತ್ತರಕ್ಕಿರುವ ಪರವೂರು ವಿಧಾನಸಭಾ ಕ್ಷೇತ್ರದಲ್ಲಿ, ೧೯೮೨ರ ಮೇ ತಿಂಗಳಲ್ಲಿ, ೫೦ ಮತಗಟ್ಟೆಗಳಲ್ಲಿ ನಮ್ಮ ದೇಶದ ಮತದಾರರು ಮೊದಲ ಸಲ ವಿದ್ಯುನ್ಮಾನ ಮತಯಂತ್ರದ ಗುಂಡಿಯನ್ನು ಒತ್ತಿದರು. ಅದಕ್ಕೆ ತಕ್ಕ ಕಾನೂನು ಆಗ ಇರಲಿಲ್ಲವಾದ್ದರಿಂದ ಸುಪ್ರೀಂ ಕೋರ್ಟು ೧೯೮೪ರಲ್ಲಿ ಆ ಚುನಾವಣೆಯನ್ನು ರದ್ದುಮಾಡಿತು. ೧೯೮೮ರ ಡಿಸೆಂಬರಿನಲ್ಲಿ ಕಾನೂನಿನ ತಿದ್ದುಪಡಿಯಾಯಿತು. ೨೦೦೪ರ ಲೋಕಸಭಾ ಚುನಾವಣೆಯ ವೇಳೆಗೆ ದೇಶದ ಎಲ್ಲ ಕ್ಷೇತ್ರಗಳಲ್ಲಿಯೂ ಯಂತ್ರವೇ ಬಂದಿತು. ಇದನ್ನು ತಯಾರಿಸುವ ಎರಡು ಸರಕಾರಿ ಕಾರ್ಖಾನೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿ.ಇ.ಎಲ್., ಇನ್ನೊಂದು ಹೈದರಾಬಾದಿನ ಇ.ಸಿ.ಐ.ಎಲ್. ಯಂತ್ರದ ಬಾಹ್ಯ ವಿನ್ಯಾಸದಲ್ಲಿ ಮುಂಬಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರದ ಅಧ್ಯಾಪಕರಾದ ಎ. ಜಿ. ರಾವ್ ಮತ್ತು ರವಿ ಪೂವಯ್ಯ ಅವರು ಕೆಲಸಮಾಡಿದರು.

ಈ ಯಂತ್ರವನ್ನು ಯಾವ ರಾಜಕೀಯದ ಕಣ್ಣಿನಿಂದಲೂ ನೋಡದೆ, ಕೇವಲ ವಿದ್ಯಾರ್ಥಿಯ ಕಣ್ಣಿನಿಂದ ನೋಡಿರಿ. ಓದಲು ಬಾರದ ಮುದುಕಿ, ಕಂಪ್ಯೂಟರು ಮುಟ್ಟದ ರೈತ, ಕಣ್ಣು ಕಾಣದ ಮತದಾರ ಇವರೆಲ್ಲರೂ ಯಾರ ಸಹಾಯವೂ ಇಲ್ಲದೆ, ಮರೆಯಲ್ಲಿ, ಒಂದು ನಿಮಿಷದೊಳಗೆ ಬಳಸಬೇಕಾದ ಯಂತ್ರ ಇದು.

(ಅ) ಅಭ್ಯರ್ಥಿಯ ಹೆಸರು, ಚಿಹ್ನೆ, ಗುಂಡಿ ಮೂರೂ ಒಂದೇ ಸಾಲಿನಲ್ಲಿವೆ. ಒಂದು ಮತಪೆಟ್ಟಿಗೆಯಲ್ಲಿ ೧೬ ಸಾಲು. ಹೆಸರು ಒಂದು ಕಡೆ, ಗುಂಡಿ ಇನ್ನೊಂದು ಕಡೆ ಎಂದಿದ್ದರೆ ಕಣ್ಣು ತಪ್ಪುತ್ತಿತ್ತು.

(ಆ) ಮತದಾರನು ಮಾಡಬೇಕಾದ ಕೆಲಸ ಒಂದೇ: ನೀಲಿ ಗುಂಡಿಯನ್ನು ಒತ್ತುವುದು.

(ಇ) ಒತ್ತಿದೊಡನೆ ಪಕ್ಕದಲ್ಲಿ ಕೆಂಪು ದೀಪ ಹೊತ್ತುತ್ತದೆ, ಬೀಪೆಂಬ ಸದ್ದಾಗುತ್ತದೆ. ಕಣ್ಣಿಗೂ ಕಿವಿಗೂ ಉತ್ತರ ಸಿಕ್ಕಿತು. ಈಚಿನ ವರ್ಷಗಳಲ್ಲಿ ಜೋಡಿಸಿರುವ ಪೆಟ್ಟಿಗೆಯಲ್ಲಿ ಮತದ ಚೀಟಿಯೂ ಏಳು ಸೆಕೆಂಡು ಕಾಣಿಸುತ್ತದೆ.

(ಈ) ಎರಡನೆಯ ಸಲ ಒತ್ತಿದರೆ ಏನೂ ಆಗದು. ಅಧಿಕಾರಿಯು ತನ್ನ ಗುಂಡಿಯನ್ನು ಒತ್ತುವ ತನಕ ಯಂತ್ರ ಮುಂದಿನ ಮತವನ್ನು ತೆಗೆದುಕೊಳ್ಳದು. ಗಾಬರಿಯಿಂದ ಒತ್ತಿದ್ದು ಅನರ್ಥಕ್ಕೆ ಹೋಗದು.

(ಉ) ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಫಲಿತಾಂಶವನ್ನು ತೋರಿಸುವ ಗುಂಡಿ ಮೊಹರು ಮಾಡಿದ ಮುಚ್ಚಳದ ಕೆಳಗಿದೆ. ಅಪಾಯದ ಗುಂಡಿಯನ್ನು ಕೈಗೆ ಸುಲಭವಾಗಿ ಸಿಗದಂತೆ ಇಡುವುದೂ ವಿನ್ಯಾಸವೇ.

ಈ ಐದು ಅಂಶಗಳನ್ನು ನಮ್ಮ ರಾಯಚೂರಿನ ಹುಡುಗನ ಅರ್ಜಿಯ ಪಕ್ಕದಲ್ಲಿ ಇಟ್ಟು ನೋಡಿರಿ. ಆ ಅರ್ಜಿಯು ಉತ್ತರ ಕೊಡಲಿಲ್ಲ, ತಪ್ಪನ್ನು ತಡೆಯಲಿಲ್ಲ, ತಪ್ಪಾದ ಮೇಲೆ ದಾರಿಯನ್ನೂ ತೋರಲಿಲ್ಲ.

೪. ಕನ್ನಡದ ಕೀಲಿಮಣೆಯಿಂದ ಒಂದು ಪಾಠ

ಎರಡನೆಯ ಉದಾಹರಣೆ ನಮ್ಮ ಭಾಷೆಯದೇ. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಚೂರುಗಳನ್ನು ಒಂದೊಂದಾಗಿ ಜೋಡಿಸಬೇಕಾಗಿತ್ತು. ತಲೆಕಟ್ಟು, ಕೊಂಬು, ಒತ್ತು ಎಲ್ಲಿವೆ ಎಂದು ಕಂಠಪಾಠ ಮಾಡಬೇಕಾಗಿತ್ತು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಬೇರೆ ದಾರಿ ಹಿಡಿದರು. ಬರೆಯುವವನು ಕನ್ನಡದ ಕಾಗುಣಿತವನ್ನು ಮೊದಲೇ ಬಲ್ಲನು. ಇಂಗ್ಲಿಷ್ ಕೀಲಿಮಣೆಯನ್ನೂ ಕಂಡಿರುವನು. ಈ ಎರಡು ತಿಳುವಳಿಕೆಗಳ ಮೇಲೆಯೇ ಅವರು ಕೀಲಿಗಳನ್ನು ಹಂಚಿದರು. ಇಂಗ್ಲಿಷಿನ 'ಕೆ' ಒತ್ತಿದರೆ ಕ. ಅದನ್ನೇ ಮೇಲಕ್ಷರದ ಕೀಲಿಯೊಂದಿಗೆ ಒತ್ತಿದರೆ ಖ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್'. 'ಸ್ತ್ರೀ' ಎಂದು ಬರೆಯಲು ಸ, ತ, ರ ಇವುಗಳ ನಡುವೆ ಎರಡು ಸಲ ಎಫ್ ಒತ್ತಿ ಕೊನೆಗೆ ದೀರ್ಘವನ್ನು ಸೇರಿಸಿದರಾಯಿತು. ಒತ್ತು ಎಲ್ಲಿ ಕೂಡಬೇಕು ಎಂಬುದು ಯಂತ್ರದ ಹೊಣೆ. ಕರ್ನಾಟಕ ಸರಕಾರವು ಈ ಕೀಲಿವಿನ್ಯಾಸವನ್ನು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಇರುವುದೂ ಇದೇ.

ನೀತಿ ಇದು: ಬಳಸುವವನಿಗೆ ಈಗಾಗಲೇ ಗೊತ್ತಿರುವುದನ್ನು ಮೊದಲು ಕಂಡುಕೊಳ್ಳಬೇಕು, ಹೊಸದಾಗಿ ಕಲಿಸಬೇಕಾದದ್ದನ್ನು ಆದಷ್ಟು ಕಡಿಮೆ ಮಾಡಬೇಕು, ಕಠಿನವಾದ ಪಾಲನ್ನು ಯಂತ್ರದ ಹೆಗಲಿಗೆ ಹಾಕಬೇಕು.

೫. ಕೆಲಸದ ಕ್ರಮ

ಈ ಉದ್ಯೋಗದ ತರಬೇತಿ ಎಲ್ಲಿಯೇ ನಡೆಯಲಿ, ಕ್ರಮ ಹೆಚ್ಚುಕಡಿಮೆ ಒಂದೇ. ಐ.ಬಿ.ಎಂ. ಸಂಸ್ಥೆಯ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ೧೯೮೫ರಲ್ಲಿ ಇದನ್ನು ಮೂರು ಸೂತ್ರಗಳಲ್ಲಿ ಹೇಳಿದರು: ಬಳಸುವವರನ್ನೂ ಅವರ ಕೆಲಸವನ್ನೂ ಆರಂಭದಿಂದಲೇ ಗಮನಿಸಿರಿ, ಅವರು ಬಳಸುವುದನ್ನು ಅಳೆದು ನೋಡಿರಿ, ತಿದ್ದಿರಿ, ಮತ್ತೆ ನೋಡಿರಿ, ಮತ್ತೆ ತಿದ್ದಿರಿ. ಅಭ್ಯಾಸಕ್ಕೆ ಅನುಕೂಲವಾಗುವಂತೆ ನಾವು ಅದನ್ನು ಐದು ಹೆಜ್ಜೆಗಳಾಗಿ ವಿಂಗಡಿಸೋಣ.

ಮೊದಲ ಹೆಜ್ಜೆ, ನೋಡುವುದು. ಜನ ಈಗ ಆ ಕೆಲಸವನ್ನು ಹೇಗೆ ಮಾಡುತ್ತಾರೆ ಎಂದು ಅವರಿದ್ದಲ್ಲಿಗೇ ಹೋಗಿ ನೋಡಬೇಕು. ಕೇಳಿದರೆ ಸಾಲದು, 'ಏನೂ ತೊಂದರೆ ಇಲ್ಲ ಸ್ವಾಮಿ' ಎಂದು ದಾಕ್ಷಿಣ್ಯಕ್ಕೆ ಹೇಳುವವರೇ ಹೆಚ್ಚು.

ಎರಡನೆಯದು, ಕೆಲಸವನ್ನು ಬಿಡಿಸುವುದು. ಮೊದಲು ಏನು, ಆಮೇಲೆ ಏನು, ಎಲ್ಲಿ ಕಾಗದಪತ್ರ ಬೇಕು, ಎಲ್ಲಿ ಅನುಮಾನ ಬರುತ್ತದೆ ಎಂದು ಸಾಲಾಗಿ ಬರೆಯಬೇಕು.

ಮೂರನೆಯದು, ಕಾಗದದ ಮಾದರಿ. ಒಂದೊಂದು ಪರದೆಗೂ ಒಂದೊಂದು ಹಾಳೆ. ಪೆನ್ಸಿಲಿನಲ್ಲಿ ಗುಂಡಿಗಳನ್ನೂ ಖಾಲಿ ಜಾಗಗಳನ್ನೂ ಬರೆಯಬೇಕು. ಕಾಗದದಲ್ಲಿ ತಪ್ಪು ಕಂಡರೆ ರಬ್ಬರು ಸಾಕು. ತಂತ್ರಾಂಶ ಮುಗಿದ ಮೇಲೆ ಕಂಡರೆ ತಿಂಗಳುಗಳ ಕೆಲಸ ಹಾಳು.

ನಾಲ್ಕನೆಯದು, ಪರೀಕ್ಷೆ. ಬಳಸತಕ್ಕವರಲ್ಲಿ ಒಬ್ಬರನ್ನು ಕೂರಿಸಿ, ಒಂದು ಕೆಲಸ ಕೊಟ್ಟು, "ಮನಸ್ಸಿನಲ್ಲಿ ಅನ್ನಿಸಿದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಮಾಡಿ" ಎಂದು ಕೇಳಿಕೊಳ್ಳಬೇಕು. ನಾವು ಸುಮ್ಮನೆ ಕುಳಿತಿರಬೇಕು. ಇದೇ ಅತ್ಯಂತ ಕಷ್ಟದ ಪಾಠ. 'ಅಲ್ಲಿ ಒತ್ತಿ' ಎಂಬ ಮಾತು ನಾಲಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳಬೇಕು. ಆರಂಭದಲ್ಲಿಯೇ "ನಾವು ಪರೀಕ್ಷಿಸುತ್ತಿರುವುದು ಈ ಪರದೆಯನ್ನು, ನಿಮ್ಮನ್ನಲ್ಲ" ಎಂದು ತಿಳಿಸುವುದು ಸೌಜನ್ಯ. ಒಂದೇ ಬಗೆಯ ಬಳಕೆದಾರರಾದರೆ ಒಂದು ಸುತ್ತಿಗೆ ಐದು ಮಂದಿ ಸಾಕೆಂದು ಯಾಕೋಬ್ ನೀಲ್ಸನ್ ಎಂಬ ಡೆನ್ಮಾರ್ಕಿನ ಪಂಡಿತನು ಹೇಳಿರುವನು. ಆರನೆಯವನಿಂದ ಹೆಚ್ಚಾಗಿ ಕೇಳಿದ್ದನ್ನೇ ಕೇಳುತ್ತೇವೆ; ಐವರನ್ನು ನೋಡಿ ತಿದ್ದಿ, ಬೇರೆ ಐವರನ್ನು ನೋಡುವುದು ಲೇಸು.

ಐದನೆಯದು, ತಿದ್ದುವುದು, ಮತ್ತೆ ಪರೀಕ್ಷಿಸುವುದು.

ಪರದೆಯನ್ನು ಬರೆಯುವಾಗ ನೆನಪಿಡತಕ್ಕ ಕೆಲವು ನಿಯಮಗಳನ್ನೂ ಹೇಳುವೆನು. ಬಳಸುವವನ ಮಾತಿನಲ್ಲಿಯೇ ಬರೆಯಿರಿ. ಆಫೀಸಿನ ಮಾತು ಬೇಡ. ತಾರೀಕು, ರೂಪಾಯಿ ಮುಂತಾದವನ್ನು ಹೇಗೆ ಬರೆಯಬೇಕೆಂದು ಒಂದು ಉದಾಹರಣೆಯನ್ನು ಪಕ್ಕದಲ್ಲಿಯೇ ಕೊಡಿರಿ. ತಪ್ಪಾದರೆ ಎಲ್ಲಿ ತಪ್ಪಿತು, ಹೇಗೆ ಸರಿಪಡಿಸಬೇಕು ಎರಡನ್ನೂ ಹೇಳಿರಿ, ಬರೆದುದನ್ನು ಅಳಿಸಬೇಡಿರಿ. ಹಿಂದಕ್ಕೆ ಹೋಗಲು ದಾರಿ ಇಡಿರಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ ೪.೫ ಕ್ಕೆ ೧ ಇರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಸೂಚಿಯು ಹೇಳುತ್ತದೆ. ಬೂದು ಬಣ್ಣದ ಮೇಲೆ ಬೂದು ಅಕ್ಷರ ಫ್ಯಾಷನ್ನಾಗಿ ಕಂಡರೂ ಐವತ್ತು ದಾಟಿದವರಿಗೆ ಕಾಣದು. ಅಂಗವಿಕಲರ ಹಕ್ಕುಗಳ ೨೦೧೬ರ ಕಾನೂನಿನಂತೆ, ಕಣ್ಣು ಕಾಣದವರಿಗೂ ಕೈ ಸ್ವಾಧೀನವಿಲ್ಲದವರಿಗೂ ಸೇವೆ ದೊರೆಯುವಂತೆ ಮಾಡುವುದು ಇಂದು ಕರ್ತವ್ಯವೇ ಆಗಿದೆ.

೬. ಎಲ್ಲಿ ಕಲಿಯುವುದು?

ಹಣವಿಲ್ಲದವರಿಗೂ ಬಾಗಿಲು ಮುಚ್ಚಿಲ್ಲ. ೨೦೧೭ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ಸ್ವಯಂ' ತಾಣದಲ್ಲಿಯೂ ಐ.ಐ.ಟಿ.ಗಳು ನಡೆಸುವ 'ಎನ್‌ಪಿಟಿಇಎಲ್' ತಾಣದಲ್ಲಿಯೂ ಮನುಷ್ಯ ಮತ್ತು ಕಂಪ್ಯೂಟರಿನ ನಡುವಣ ವ್ಯವಹಾರವನ್ನು ಕುರಿತ ಪಾಠಗಳಿವೆ. ಪಾಠ ಕೇಳಲು ಶುಲ್ಕವಿಲ್ಲ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವವರು ಮಾತ್ರ ಶುಲ್ಕ ಕೊಡಬೇಕು. ಮುಂಬಯಿ ಐ.ಐ.ಟಿ. ಮತ್ತಿತರರು ಸೇರಿ ನಡೆಸುವ 'ಡಿಸೋರ್ಸ್' ಎಂಬ ತಾಣದಲ್ಲಿ ವಿನ್ಯಾಸದ ಪಾಠಗಳು ಉಚಿತವಾಗಿ ಸಿಗುತ್ತವೆ. ಪರದೆಯನ್ನು ಬರೆಯುವ ಉಪಕರಣಗಳಲ್ಲಿ 'ಫಿಗ್ಮಾ'ವನ್ನು ಒಂದು ಮಿತಿಯೊಳಗೆ ಹಣ ಕೊಡದೆ ಬಳಸಬಹುದು; 'ಪೆನ್‌ಪಾಟ್' ಮುಕ್ತ ತಂತ್ರಾಂಶ.

ಪದವಿಯ ಮಟ್ಟದಲ್ಲಿ ಕಲಿಯಬೇಕೆನ್ನುವವರಿಗೆ, ಇಲ್ಲಿಂದ ರೈಲಿನಲ್ಲಿ ಹೋಗಿ ಬರುವ ದೂರದಲ್ಲಿ, ಕೊಲ್ಲಂನ ಚಂದನತ್ತೋಪ್ಪಿನಲ್ಲಿ ಕೇರಳ ರಾಜ್ಯ ವಿನ್ಯಾಸ ಸಂಸ್ಥೆ ಇದೆ. ೧೯೬೧ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಒಂದು ಶಾಖೆ ಬೆಂಗಳೂರಿನಲ್ಲಿದೆ. ಮೇಲೆ ಹೇಳಿದ ಮುಂಬಯಿಯ ಕೇಂದ್ರವು ೧೯೬೯ರಲ್ಲಿ ಹುಟ್ಟಿದ್ದು. ಅಲ್ಲಿಯ ಸ್ನಾತಕೋತ್ತರ ತರಗತಿಗೆ 'ಸೀಡ್' ಎಂಬ ಪ್ರವೇಶ ಪರೀಕ್ಷೆ ಇದೆ. ಪ್ರತಿ ಸಂಸ್ಥೆಯ ಅರ್ಹತೆ, ಶುಲ್ಕಗಳು ಬೇರೆ ಬೇರೆಯಾದುದರಿಂದ ಅರ್ಜಿ ಹಾಕುವ ಮೊದಲು ಅವರ ಪ್ರಕಟಣೆಯನ್ನು ಸ್ವತಃ ಓದಿರಿ.

ಒಂದು ಎಚ್ಚರಿಕೆಯ ಮಾತು. 'ಮೂರು ತಿಂಗಳಲ್ಲಿ ಕೆಲಸ ಖಂಡಿತ' ಎಂದು ಬರೆದು ಸಾವಿರಗಟ್ಟಲೆ ರೂಪಾಯಿ ಕೇಳುವ ಜಾಹೀರಾತುಗಳನ್ನು ನಂಬಿ ಸಾಲ ಮಾಡಬೇಡಿರಿ. ಕೆಲಸ ಕೊಡುವವರು ಪ್ರಮಾಣಪತ್ರದ ಜೊತೆಗೆ ನೀವು ಮಾಡಿದ ಕೆಲಸವನ್ನೂ ನೋಡಲು ಕೇಳುತ್ತಾರೆ: ಯಾವ ತೊಂದರೆಯನ್ನು ಕಂಡಿರಿ, ಯಾರನ್ನು ಕೂರಿಸಿ ನೋಡಿದಿರಿ, ಏನು ತಿದ್ದಿದಿರಿ, ತಿದ್ದಿದ ಮೇಲೆ ಏನಾಯಿತು. ಇಂಥ ಮೂರು ಕೆಲಸಗಳ ಕಡತ ಇಲ್ಲದವರ ಕೈಯಲ್ಲಿ ಪ್ರಮಾಣಪತ್ರವೊಂದೇ ಇದ್ದರೆ ಅದಕ್ಕೆ ಬೆಲೆ ಕಡಿಮೆ. ಈಗ ಹೇಳಿದ ಮಾತ್ರಕ್ಕೆ ಪರದೆಯ ಚಿತ್ರವನ್ನು ಕೃತಕ ಬುದ್ಧಿಯ ಯಂತ್ರವೇ ಬರೆದುಕೊಡುತ್ತದೆ. ಹಾಗಾಗಿ ಬರಿಯ ಚಿತ್ರ ಬರೆಯುವವನಿಗಿಂತ, ಜನರು ಎಲ್ಲಿ ಎಡವುತ್ತಾರೆಂದು ಕಂಡುಹಿಡಿಯಬಲ್ಲವನಿಗೆ ಸ್ಥಾನ ಉಳಿದೀತು.

ಇಲ್ಲಿ ಗುಮಾಸ್ತನಿಗೂ ಕೆಲಸಗಾರನಿಗೂ ಒಂದು ಬಂಡವಾಳವಿದೆ. ಕೌಂಟರಿನ ಹಿಂದೆ ಹತ್ತು ವರ್ಷ ಕುಳಿತವನಿಗೆ ಅರ್ಜಿಯ ಯಾವ ಕಲಮಿನ ಬಳಿ ಜನ ಪೆನ್ನು ನಿಲ್ಲಿಸಿ ತಲೆಯೆತ್ತುತ್ತಾರೆಂಬುದು ಗೊತ್ತು. ಭಾಷೆ ಬಾರದ ಊರಿಗೆ ಬಂದು, ಮಲಯಾಳದ ಬೋರ್ಡುಗಳ ನಡುವೆ ಬಸ್ಸು ಹುಡುಕಿದವನಿಗೆ, ಓದಲಾಗದೆ ನಿಲ್ಲುವುದು ಎಂಥದೆಂದು ಗೊತ್ತು. ಕಾಲೇಜಿನಿಂದ ನೇರವಾಗಿ ಬಂದವರಿಗೆ ಇದನ್ನು ಕಲಿಸಲು ಬಹಳ ದಿನ ಹಿಡಿಯುತ್ತದೆ.

೭. ಅಭ್ಯಾಸ

(೧) ನಿಮ್ಮ ಫೋನಿನಲ್ಲಿ ಹಣ ಕಳಿಸುವ ತಂತ್ರಾಂಶವನ್ನು ತೆರೆದು, ಊರಿಗೆ ಹಣ ಕಳಿಸಲು ಎಷ್ಟು ಸಲ ಒತ್ತಬೇಕಾಗುತ್ತದೆ ಎಂದು ಎಣಿಸಿರಿ. ಹಣ ಹೋಯಿತೆಂಬುದು ಹೇಗೆ ತಿಳಿಯುತ್ತದೆ? ತಪ್ಪು ಹೆಸರಿಗೆ ಹೋಗದಂತೆ ಯಾವ ತಡೆ ಇದೆ?

(೨) ನಮ್ಮ ವಾಚನಾಲಯದ ಪುಸ್ತಕ ಎರವಲು ಚೀಟಿಯಲ್ಲಿ ಒಂಬತ್ತು ಕಲಮುಗಳಿವೆ. ಅದರಲ್ಲಿ ನಿಜವಾಗಿ ಬೇಕಾದವು ಎಷ್ಟು? ಒಂದು ಹಾಳೆಯಲ್ಲಿ ಹೊಸ ಚೀಟಿಯನ್ನು ಬರೆದು, ಐವರು ಓದುಗರಿಂದ ತುಂಬಿಸಿ ನೋಡಿರಿ. ಅವರು ಎಲ್ಲಿ ನಿಂತರು, ಏನು ಕೇಳಿದರು ಎಂದು ಗುರುತು ಹಾಕಿರಿ.

(೩) ಮೂರನೆಯ ಭಾಗದಲ್ಲಿ ಹೇಳಿದ ಐದು ಅಂಶಗಳನ್ನು ಹಿಡಿದು, ನೀವು ದಿನವೂ ಬಳಸುವ ಯಾವುದಾದರೊಂದು ಯಂತ್ರವನ್ನು, ಉದಾಹರಣೆಗೆ ಬ್ಯಾಂಕಿನ ಎ.ಟಿ.ಎಂ. ಅನ್ನು, ಪರೀಕ್ಷಿಸಿರಿ.

ಉತ್ತರಗಳನ್ನು ಬರೆದು ತಂದವರೊಡನೆ ಭಾನುವಾರ ಸಂಜೆ ಕುಳಿತು ಚರ್ಚಿಸಲು ನಾನು ಸಿದ್ಧನಿದ್ದೇನೆ.

ಆ ಹುಡುಗನ ಅರ್ಜಿ ಅಂದು ರಾತ್ರಿಯೇ ಹೋಯಿತು. ಮುಂದಿನ ವಾರ ಅವನು ತನ್ನ ಕೋಣೆಯ ಇನ್ನಿಬ್ಬರನ್ನು ಕರೆದುಕೊಂಡು ಬಂದನು. ಅವರೂ ಅದೇ ತಾರೀಕಿನ ಕಲಮಿನಲ್ಲಿ ಸಿಕ್ಕಿಬಿದ್ದಿದ್ದರು, ಗಡುವೂ ಮೀರಿಹೋಗಿತ್ತು. ಒಂದೇ ಕೋಣೆಯ ಮೂವರು ಒಂದೇ ಕಡೆ ತಪ್ಪಿದ್ದರು. ಅವರಲ್ಲಿ ಪ್ರತಿಯೊಬ್ಬನೂ ತಪ್ಪು ತನ್ನದೇ ಎಂದು ನಂಬಿದ್ದನು. ಆ ಕಲಮಿನ ಪಕ್ಕದಲ್ಲಿ ಒಂದು ಸಾಲಿನ ಉದಾಹರಣೆ ಇದ್ದಿದ್ದರೆ ಇಬ್ಬರಿಗೂ ಸಹಾಯಧನ ತಪ್ಪುತ್ತಿರಲಿಲ್ಲ. ಆ ಒಂದು ಸಾಲನ್ನು ಬರೆಯಬಲ್ಲವರು ನಮ್ಮಲ್ಲಿಯೂ ತಯಾರಾಗಲಿ.